ಗಡಿಯ ಈ ಕಡೆ 10, ಆ ಕಡೆ 70: ಬೆನಿನ್ ಸುಂಕದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕಾದ ಬೆನಿನ್ ದೇಶ ಹಡಗುಗಟ್ಟಲೆ ಅಕ್ಕಿ ತರಿಸಿಕೊಳ್ಳುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಲಿನ ಕೊತೊನು ಊರಿನಲ್ಲಿ, ಒಂದು ಅಕ್ಕಿ ಆಮದು ಕಂಪನಿಯಲ್ಲಿ 2011ರಿಂದ 2020ರವರೆಗೆ ಲೆಕ್ಕ ಬರೆದವಳು ನಾನು ಅಂತಲೂ ಹೇಳಿದ್ದೆ. ಆ ಒಂದು ಮಾತಿಗೇ ಇಷ್ಟೊಂದು ಪತ್ರ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ಬೆನಿನ್ ಅಷ್ಟು ಚಿಕ್ಕ ದೇಶ. ಹಡಗುಗಟ್ಟಲೆ ಅಕ್ಕಿ ತರಿಸಿಕೊಳ್ಳುತ್ತೆ ಅಂತ ಬರೆದಿದ್ದೀರಿ. ಅಲ್ಲಿನವರು ಅಷ್ಟು ಅನ್ನ ಉಣ್ಣುತ್ತಾರಾ? (ಬಿಕಾಂ ಓದುತ್ತಿರುವ ಹುಡುಗಿ)

ಉತ್ತರ: ಉಣ್ಣೋದಿಲ್ಲ. ಅಲ್ಲಿನ ಮನೆಗಳಲ್ಲಿ ದಿನದ ಊಟ ಅಂದರೆ ಹೆಚ್ಚಾಗಿ ಜೋಳದ ಮುದ್ದೆ. ನಮ್ಮ ಬಿಳಿಜೋಳ ಅಲ್ಲ, ಮೆಕ್ಕೆಜೋಳದ್ದು. ಅದನ್ನು 'ಪಾತ್' ಅಂತಾರೆ. ಅನ್ನವೂ ಇದೆ, ಆದರೆ ಅವರಿಗೆ ಬೇಕಾದದ್ದು ಬೆಳ್ತಿಗೆ ಅಕ್ಕಿ. ನಮ್ಮ ಗೋದಾಮಿನಲ್ಲಿ ಸೂರಿನವರೆಗೆ ಪೇರಿಸಿರುತ್ತಿದ್ದದ್ದು ಕುಸುಬಲಕ್ಕಿ. ಕುಸುಬಲಕ್ಕಿ ಬೇಕು ಅನ್ನುವವರು ಪಕ್ಕದ ನೈಜೀರಿಯಾದವರು. ಉತ್ತರ ಅಲ್ಲೇ ಇದೆ ಅಲ್ವಾ?

ಒಂದು ಭಾಗಾಕಾರ ಮಾಡಿ ನೋಡಿ. 2017ರಲ್ಲಿ ಥಾಯ್ಲೆಂಡ್ ಒಂದರಿಂದಲೇ ಬೆನಿನ್‌ಗೆ ಬಂದ ಅಕ್ಕಿ ಸುಮಾರು 18 ಲಕ್ಷ ಟನ್. ಆಗ ಅಲ್ಲಿನ ಜನಸಂಖ್ಯೆ 1 ಕೋಟಿ 10 ಲಕ್ಷದ ಆಸುಪಾಸು. ತಲೆಗೆ 160 ಕಿಲೋ ಬರುತ್ತೆ, ತೊಟ್ಟಿಲಲ್ಲಿರುವ ಕೂಸನ್ನೂ ಸೇರಿಸಿ! ಅವರೇ ಬೆಳೆದದ್ದು, ಭಾರತದಿಂದ ಬಂದದ್ದು ಬೇರೆ.

ಕಾಗದದ ಮೇಲೆ ಮಾತ್ರ ಎಲ್ಲ ಸರಿಯಾಗಿತ್ತು. ಎಷ್ಟೋ ಅಕ್ಕಿಗೆ 'ದೇಶದೊಳಗಿನ ಬಳಕೆಗೆ' ಅಂತಲೇ ಕಾಗದ. ಬೆನಿನ್ ಸುಂಕ ಕಟ್ಟಿ, ರಸೀದಿ ಪಡೆದು, ಗೋದಾಮಿಗೆ ತರುತ್ತಿದ್ದೆವು. ಬೆಳಿಗ್ಗೆ ಏಳಕ್ಕೆ ಗಿರಾಕಿಗಳು ಬರುತ್ತಿದ್ದರು. ನಗದು ಕೊಡುತ್ತಿದ್ದರು, 50 ಕಿಲೋದ ಚೀಲ ಹೇರಿಕೊಂಡು ಹೋಗುತ್ತಿದ್ದರು. ಎಲ್ಲಿಗೆ ಅಂತ ನಾವು ಕೇಳುತ್ತಿರಲಿಲ್ಲ. ನನ್ನ ಲೆಕ್ಕ ಗೋದಾಮಿನ ಬಾಗಿಲಿಗೆ ಮುಗಿಯುತ್ತಿತ್ತು. ಬಾಗಿಲಿನಿಂದ ಸೆಮೆ-ಕ್ರಾಕೆಯ ನೈಜೀರಿಯಾ ಗಡಿಗೆ ಸುಮಾರು 30 ಕಿಲೋಮೀಟರ್. ಹೆದ್ದಾರಿ ಬೇಡ ಅಂದರೆ ಪೋರ್ಟೊ-ನೋವೊ ಕಡೆ ಹಿನ್ನೀರಿದೆ, ದೋಣಿಗಳಿವೆ. ಒಂದು ಮೋಟಾರ್ ಬೈಕಿನ ಮೇಲೆ ಎಷ್ಟು ಚೀಲ ಕೂರಿಸಬಹುದು ಅನ್ನೋದನ್ನು ನಾನು ಕಲಿತದ್ದೇ ಅಲ್ಲಿ. ಸವಾರ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿರುತ್ತಿದ್ದ. ಸೀಟು ಪೂರ್ತಿ ಅಕ್ಕಿಗೆ.

ಪ್ರಶ್ನೆ: ಅಲ್ಲಿನ ದೇಶಗಳೆಲ್ಲ ಸೇರಿ ಒಂದೇ ಸುಂಕ ಮಾಡಿಕೊಂಡಿವೆ ಅಂತ ಓದಿದ್ದೆ. ಹಾಗಾದರೆ ಕದ್ದು ಸಾಗಿಸುವುದರಲ್ಲಿ ಏನು ಲಾಭ? (ನಿವೃತ್ತ ಅರ್ಥಶಾಸ್ತ್ರ ಮೇಷ್ಟ್ರು)

ಉತ್ತರ: ಒಳ್ಳೆ ಪ್ರಶ್ನೆ ಸರ್. ನೀವು ಓದಿದ್ದೂ ಸರಿ.

ಎಕೋವಾಸ್ ಅನ್ನುವ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ 1975ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿತು. ಅದರೊಳಗೇ ಇನ್ನೊಂದು ಚಿಕ್ಕ ಮನೆ ಇದೆ, ಸೀಫಾ ಫ್ರಾಂಕ್ ಅನ್ನುವ ಒಂದೇ ಹಣ ಬಳಸುವ ಎಂಟು ದೇಶಗಳದ್ದು. ಅದರ ಹೆಸರು ಯುಎಮೊಆ. ಈ ಎಂಟು ದೇಶಗಳು 2000ದಲ್ಲೇ ಹೊರಗಿನ ಸರಕಿಗೆ ಒಂದೇ ಸುಂಕ ಮಾಡಿಕೊಂಡವು: ಸರಕಿಗೆ ತಕ್ಕಂತೆ ಶೇಕಡಾ 0, 5, 10, 20. ಎಕೋವಾಸ್ ಇದಕ್ಕೇ ಒಂದು ಮೆಟ್ಟಿಲು ಸೇರಿಸಿ 2015ರ ಜನವರಿ 1ರಿಂದ ಜಾರಿಗೆ ತಂದಿತು. ಐದನೇ ಮೆಟ್ಟಿಲು ಶೇಕಡಾ 35. ಅದನ್ನು ಬೇಕು ಅಂತ ಹಟ ಹಿಡಿದದ್ದು ನೈಜೀರಿಯಾ. ಅವರಿಗೆ ಕಾಪಾಡಿಕೊಳ್ಳಲು ಕಾರ್ಖಾನೆಗಳಿದ್ದವು.

ಅಗತ್ಯ ಔಷಧದಂಥದ್ದಕ್ಕೆ ಸೊನ್ನೆ. ಕಚ್ಚಾ ಮಾಲು, ಯಂತ್ರಗಳಿಗೆ 5. ಅರ್ಧ ತಯಾರಾದ ಸರಕಿಗೆ 10. ಅಂಗಡಿಯಲ್ಲಿ ನೇರ ಮಾರುವ ಸರಕಿಗೆ 20. ಹೆಪ್ಪುಗಟ್ಟಿಸಿದ ಕೋಳಿಯಂಥದ್ದಕ್ಕೆ 35. ಅಕ್ಕಿ ಸಿಕ್ಕಿಕೊಂಡದ್ದು 10ರ ಮೆಟ್ಟಿಲಲ್ಲಿ.

ಈಗ ನೋಡಿ. ಎಲ್ಲರಿಗೂ 10 ಅಂದಮೇಲೆ ನೈಜೀರಿಯಾಕ್ಕೂ 10. ಹೌದು, ಸುಂಕ 10. ಆದರೆ ಆಗ ಅದರ ಮೇಲೆ 'ಲೆವಿ' ಅಂತ, ಅಂದರೆ ಬೇರೊಂದು ತೆರಿಗೆ, ಇನ್ನೊಂದು 60! ಕೂಡಿದರೆ 70. ಸುಂಕದ ಪಟ್ಟಿಗೆ ಕೈ ಹಚ್ಚಲಿಲ್ಲ, ಪಕ್ಕದಲ್ಲಿ ಇನ್ನೊಂದು ಸಾಲು ಬರೆದರು ಅಷ್ಟೆ. ನಮ್ಮ ಮ್ಯಾನೇಜರು ಇದಕ್ಕೆ ಒಂದು ಮಾತು ಹೇಳುತ್ತಿದ್ದರು: ಊಟಕ್ಕೆ ಎಲ್ಲರಿಗೂ ಒಂದೇ ರೇಟು, ನಿನಗೆ ಮಾತ್ರ ಎಲೆಗೆ ಬೇರೆ ದುಡ್ಡು.

ಲೆಕ್ಕಕ್ಕೆ ಸುಲಭ ಆಗಲಿ ಅಂತ, ಹಡಗಿನಿಂದ ಇಳಿದಾಗ ಒಂದು ಚೀಲಕ್ಕೆ 10,000 ಸೀಫಾ ಅಂದುಕೊಳ್ಳಿ. ಕೊತೊನುವಿನಲ್ಲಿ ಸುಂಕ 1,000. ಅದೇ ಚೀಲ ಲಾಗೋಸ್ ಬಂದರಿನಲ್ಲಿ ಇಳಿದರೆ 7,000. ನಡುವೆ 6,000 ಉಳಿಯಿತು. ಆ 6,000ದಲ್ಲಿ ಬೈಕಿನವನ ಬಾಡಿಗೆ, ದೋಣಿಯವನ ಕೂಲಿ, ದಾರಿಯಲ್ಲಿ ಕೈ ಚಾಚುವವರ ಪಾಲು, ಆ ಕಡೆಯ ಸಗಟು ವ್ಯಾಪಾರಿಯ ಲಾಭ, ಈ ಕಡೆ ನನ್ನ ಸಂಬಳ. ಎಲ್ಲವೂ ಅದರೊಳಗೇ. ಸಾಲದು ಅಂತ 2016ರಲ್ಲಿ ನೈಜೀರಿಯಾ ರಸ್ತೆ ಮೂಲಕ ಅಕ್ಕಿ ತರುವುದನ್ನೇ ನಿಷೇಧಿಸಿತು. ಮರುವರ್ಷವೇ ನಾನು ಮೇಲೆ ಹೇಳಿದ 18 ಲಕ್ಷ ಟನ್ ಬಂದದ್ದು.

ನೈಜೀರಿಯಾದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತಮ್ಮ ಭತ್ತದ ರೈತರನ್ನು ಉಳಿಸಿಕೊಳ್ಳಬೇಕು ಅನ್ನೋದು ಅವರ ವಾದ. ಆದರೆ ಅಲ್ಲಿ ಗೋಡೆ ಎಷ್ಟು ಎತ್ತರ ಆಗುತ್ತೋ ಇಲ್ಲಿ ಏಣಿಗೆ ಅಷ್ಟು ಬೆಲೆ ಬರುತ್ತೆ. ಒಂಬತ್ತು ವರ್ಷ ಆ ಏಣಿಯ ಲೆಕ್ಕವನ್ನೇ ನಾನು ಬರೆದದ್ದು.

ಪ್ರಶ್ನೆ: ಬೆನಿನ್‌ಗೆ ಪ್ಲಾಸ್ಟಿಕ್ ಚಪ್ಪಲಿ ಕಳಿಸೋಣ ಅಂತ ಯೋಚನೆ. ಶೇಕಡಾ 20 ಸುಂಕ ಕಟ್ಟಿದರೆ ಮುಗಿಯಿತಾ? (ಸಣ್ಣ ಉದ್ಯಮಿ)

ಉತ್ತರ: ಮುಗಿಯೋದಿಲ್ಲ. ಬಿಲ್ಲಿನಲ್ಲಿ ಸಣ್ಣ ಸಣ್ಣ ಸಾಲುಗಳಿರುತ್ತವೆ, ಹೊಸಬರು ಅಲ್ಲೇ ಎಡವೋದು. ಬಂದರು ಮುಟ್ಟಿದಾಗ ಮಾಲಿನ ಬೆಲೆ, ಹಡಗು ಬಾಡಿಗೆ ಮತ್ತು ವಿಮೆ ಸೇರಿ, 1 ಲಕ್ಷ ಸೀಫಾ ಅಂದುಕೊಳ್ಳೋಣ. ಸುಂಕ 20,000. ಅಂಕಿಅಂಶ ಶುಲ್ಕ ಅಂತ ಶೇಕಡಾ 1, ಅಂದರೆ 1,000. ಯುಎಮೊಆ ಒಕ್ಕೂಟಕ್ಕೆ 0.8, ಅದು 800. ಎಕೋವಾಸ್‌ಗೆ 0.5, ಅದು 500. ಆಫ್ರಿಕನ್ ಯೂನಿಯನ್‌ಗೆ 0.2, ಅದು 200. ಇಷ್ಟು ಕೂಡಿದರೆ 22,500. ಆಮೇಲೆ ವ್ಯಾಟ್ ಶೇಕಡಾ 18. ಅದನ್ನು ಮಾಲಿನ ಬೆಲೆ ಒಂದರ ಮೇಲೆ ಹಾಕೋದಿಲ್ಲ, ಸುಂಕ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಹಾಗಾಗಿ ಇನ್ನೊಂದು 22,000ದ ಹತ್ತಿರ. ಒಟ್ಟು 44,000 ಮೀರಿತು. ಬಂದರಿನ ಬಾಡಿಗೆ, ಏಜೆಂಟರ ಫೀಸು ಇನ್ನೂ ಬಾಕಿ ಇದೆ.

ಏಜೆಂಟರನ್ನು ಅಲ್ಲಿ 'ಟ್ರಾನ್ಸಿಟೇರ್' ಅಂತಾರೆ. ಅವರಿಲ್ಲದೆ ಮಾಲು ಬಿಡಿಸಲು ಹೋಗಬೇಡಿ. ಕಾಗದವೆಲ್ಲ ಫ್ರೆಂಚಿನಲ್ಲಿ. ಒಮ್ಮೆ ನಾನು ಇನ್‌ವಾಯ್ಸಿನಲ್ಲಿ ತೂಕದ ದಶಮಾಂಶಕ್ಕೆ ಚುಕ್ಕಿ ಇಟ್ಟಿದ್ದೆ. ಅಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ನನ್ನ 24.500 ಟನ್ನನ್ನು ಇಪ್ಪತ್ನಾಲ್ಕು ಸಾವಿರದ ಐನೂರು ಅಂತ ಓದಿದರು. ಒಂದೇ ಕಂಟೇನರಿನಲ್ಲಿ ಒಂದು ಹಡಗಿನಷ್ಟು ಮಾಲು! ಬಿಡಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದ ಬಾಡಿಗೆ ನನ್ನ ಹೆಸರಲ್ಲೇ ಬರೆದುಕೊಂಡರು.

ಪ್ರಶ್ನೆ: ಒಕ್ಕೂಟದೊಳಗೆ ಬೆಳೆದ ಪದಾರ್ಥಕ್ಕೆ ಗಡಿಯಲ್ಲಿ ಸುಂಕವೇ ಇಲ್ಲವಂತೆ, ನಿಜವಾ? (ಕೃಷಿ ಪತ್ರಿಕೆಯೊಂದರ ಓದುಗ)

ಉತ್ತರ: ಕಾನೂನಿನಲ್ಲಿ ನಿಜ. ಎಕೋವಾಸ್‌ನ ಮುಕ್ತ ವ್ಯಾಪಾರ ಯೋಜನೆ 1979ರಿಂದ ಇದೆ. ಮೊದಲು ಬೆಳೆ, ಜಾನುವಾರು, ಕೈಕಸುಬಿನ ವಸ್ತುಗಳಿಗಷ್ಟೇ ಇತ್ತು. 1990ರಲ್ಲಿ ಕಾರ್ಖಾನೆ ಮಾಲಿಗೂ ಬಂತು. ಕಾರ್ಖಾನೆ ಮಾಲಾದರೆ ಅದು ಇಲ್ಲಿಯದೇ ಅನ್ನುವ ಮೂಲಪತ್ರ ಬೇಕು. ಮರಗೆಣಸು, ಟೊಮೇಟೊ, ಮೇಕೆಗೆ ಅದೂ ಬೇಡ.

ಇನ್ನು ರಸ್ತೆಯ ಮೇಲಿನ ಕಥೆ. ಒಂದು ಶನಿವಾರ ಗಡಿ ಕಡೆ ಹೋಗುವ ಷೇರ್ ಟ್ಯಾಕ್ಸಿ ಹತ್ತಿದ್ದೆ. ಹಿಂದಿನ ಸೀಟಿನಲ್ಲಿ ನಾಲ್ಕು ಜನ. ನನ್ನ ಪಕ್ಕ ಒಬ್ಬ ದಪ್ಪನೆಯ ಹೆಂಗಸು, ಐವತ್ತರ ಮೇಲಿನ ವಯಸ್ಸು. ಡಿಕ್ಕಿಯಲ್ಲಿ ಆಕೆಯ ಮೂರು ಮೂಟೆ ಗಾರಿ. ಗಾರಿ ಅಂದರೆ ಮರಗೆಣಸನ್ನು ತುರಿದು, ಹುಳಿ ಬರಿಸಿ, ಹಿಂಡಿ, ಹುರಿದ ರವೆ. ಅಪ್ಪಟ ಊರಿನ ಬೆಳೆ, ಸುಂಕ ಸೊನ್ನೆ. ಆಕೆ ಸೆರಗಿನಂಥ ಬಟ್ಟೆಯ ತುದಿಯಲ್ಲಿ ಚಿಲ್ಲರೆಯನ್ನು ಮೂರು ಗಂಟು ಕಟ್ಟಿಕೊಂಡಿದ್ದಳು. ರಸ್ತೆಗೆ ಅಡ್ಡ ಹಗ್ಗ ಕಟ್ಟಿದ ಕಡೆಯೆಲ್ಲ ಟ್ಯಾಕ್ಸಿ ನಿಲ್ಲುತ್ತಿತ್ತು. ಆಕೆ ಒಂದು ಗಂಟು ಬಿಚ್ಚುತ್ತಿದ್ದಳು, ಕೈ ಹೊರಗೆ ಚಾಚುತ್ತಿದ್ದಳು, ಹಗ್ಗ ಕೆಳಗಿಳಿಯುತ್ತಿತ್ತು. ಒಂದು ಮಾತಿಲ್ಲ, ರಸೀದಿ ಇಲ್ಲ.

ನನಗೆ ತಡೆಯಲಾಗಲಿಲ್ಲ. ಅರೆಬರೆ ಫ್ರೆಂಚಿನಲ್ಲಿ, "ಅಮ್ಮಾ, ಗಾರಿಗೆ ಸುಂಕವೇ ಇಲ್ಲ, ನೀವು ಕೊಡಬೇಕಾಗಿಲ್ಲ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗಾದರೆ ಮುಂದಿನ ಹಗ್ಗದಲ್ಲಿ ನೀನೇ ಇಳಿದು ಹೇಳು. ನಾವು ಇಲ್ಲೇ ಕೂತಿರುತ್ತೇವೆ" ಅಂದಳು. ಟ್ಯಾಕ್ಸಿ ಪೂರ್ತಿ ನಕ್ಕಿತು. ಮುಂದಿನ ಹಗ್ಗದಲ್ಲಿ ನಾನು ಸುಮ್ನೆ ಕಿಟಕಿ ಆಚೆ ನೋಡುತ್ತಿದ್ದೆ.

ಮೂರು ಗಂಟು ಅಂದರೆ ಎಷ್ಟು ಹಗ್ಗ ಬರುತ್ತೆ ಅಂತ ಆಕೆಗೆ ಮೊದಲೇ ಗೊತ್ತಿತ್ತು. ಅದು ಗಾರಿಯ ಬೆಲೆಯಲ್ಲಿ ಸೇರಿಹೋಗಿತ್ತು.

ಪ್ರಶ್ನೆ: 2019ರಲ್ಲಿ ನೈಜೀರಿಯಾ ಗಡಿ ಮುಚ್ಚಿತಲ್ಲ, ಆಗ ನೀವು ಅಲ್ಲೇ ಇದ್ದಿರಾ?

ಉತ್ತರ: ಇದ್ದೆ. ಅದಕ್ಕೂ ಮೊದಲಿನ ಎರಡು ಸಂಗತಿ ಹೇಳಿಬಿಡುತ್ತೇನೆ. 2018ರ ಅಕ್ಟೋಬರಿನಲ್ಲಿ ಸೆಮೆ-ಕ್ರಾಕೆಯಲ್ಲಿ ಹೊಚ್ಚಹೊಸ ಜಂಟಿ ಗಡಿ ಠಾಣೆ ಉದ್ಘಾಟನೆ ಆಯಿತು. ಐರೋಪ್ಯ ಒಕ್ಕೂಟದ ಹಣ. ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂತು ಕಾಗದ ನೋಡಬೇಕು, ಲಾರಿ ಎರಡು ಸಲ ನಿಲ್ಲಬಾರದು ಅನ್ನೋದು ಉದ್ದೇಶ. ಆಗಿನ ಅಧ್ಯಕ್ಷರು, ಬೆನಿನ್‌ನ ಪಾತ್ರಿಸ್ ಟಾಲೊನ್, ನೈಜೀರಿಯಾದ ಮುಹಮ್ಮದು ಬುಹಾರಿ ಇಬ್ಬರೂ ಬಂದಿದ್ದರು. ಆಮೇಲೆ 2019ರ ಜುಲೈ 7ರಂದು ನೈಜರ್‌ನ ನಿಯಾಮೆಯಲ್ಲಿ ಇಡೀ ಆಫ್ರಿಕಾ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಬೆನಿನ್ನೂ ನೈಜೀರಿಯಾವೂ ಸಹಿ ಹಾಕಿದವು.

ಆಗಸ್ಟಿನಲ್ಲಿ ಗಡಿ ಮುಚ್ಚಿತು!

ಮೊದಲ ವಾರ ಯಾರೂ ಹೆದರಲಿಲ್ಲ. ಹಬ್ಬದ ಮೊದಲು ಪೊಲೀಸರು ಬಿಗಿ ಮಾಡುತ್ತಾರಲ್ಲ, ಹಾಗೆ ಅಂದುಕೊಂಡೆವು. ಎರಡನೇ ವಾರ ಗೋದಾಮಿನ ಮುಂದಿನ ಸಾಲು ಕರಗಿತು. ತಿಂಗಳು ಕಳೆದಾಗ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಅಂಗಳದಲ್ಲಿ ಕಾವಲುಗಾರ ಒಬ್ಬನೇ. ಅಕ್ಕಿ ಕೆಡೋದಿಲ್ಲ, ಕಾಯಬಹುದು. ಟೊಮೇಟೊ, ಅನಾನಸ್ ಕಾಯುತ್ತವಾ? ನೈಜೀರಿಯಾಕ್ಕೆ ಅಂತಲೇ ಬೆಳೆದ ರೈತರ ಮಾಲು ಲಾರಿಯಲ್ಲೇ ಕೊಳೆಯಿತು. ಕದ್ದು ಸಾಗಿಸಿದ ಅಕ್ಕಿ ಮೇಲಿನ ಸಿಟ್ಟಿಗೆ, ನ್ಯಾಯವಾಗಿ ಸುಂಕವಿಲ್ಲದೆ ದಾಟಬೇಕಾದ ಟೊಮೇಟೊ ಬೀದಿಗೆ ಬಿತ್ತು. ನನಗೆ ಹೊಟ್ಟೆ ಉರಿದದ್ದು ಇದಕ್ಕೆ. ನಮ್ಮ ಕಂಪನಿಗೆ ಆದ ನಷ್ಟಕ್ಕೆ ಅಷ್ಟು ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ.

2020ರ ಡಿಸೆಂಬರ್ 16ಕ್ಕೆ ಸೆಮೆ ಸೇರಿ ನಾಲ್ಕು ಗಡಿ ತೆರೆಯಲು ಆದೇಶ ಬಂತು. ನಾನು ಆಗಲೇ ಪೆಟ್ಟಿಗೆ ಕಟ್ಟಿದ್ದೆ.

ಪ್ರಶ್ನೆ: ಹಳೆ ಕಾರುಗಳ ವ್ಯಾಪಾರವೂ ಅಲ್ಲಿ ದೊಡ್ಡದಂತೆ?

ಉತ್ತರ: ಇತ್ತು. ಯುರೋಪಿನಿಂದ ಹಡಗಿನಲ್ಲಿ ಬಂದ ಕಾರುಗಳು ಕೊತೊನುವಿನಿಂದ ಸೆಮೆ ದಾರಿಯುದ್ದಕ್ಕೂ ಬಯಲುಗಳಲ್ಲಿ ನಿಂತಿರುತ್ತಿದ್ದವು. ಬೆಲ್ಜಿಯಂನ ಬೇಕರಿ ಹೆಸರು ಬರೆದ ವ್ಯಾನು, ಜರ್ಮನಿಯ ಬಣ್ಣದಂಗಡಿಯ ವ್ಯಾನು ನೋಡಿದ್ದೇನೆ. ಹೆಸರನ್ನು ಯಾರೂ ಅಳಿಸುತ್ತಿರಲಿಲ್ಲ. ನೈಜೀರಿಯಾದಲ್ಲಿ ಇಂಥ ಕಾರಿಗೆ 'ತೊಕುನ್ಬೊ' ಅಂತಾರೆ. ಪರದೇಶದಿಂದ ಬಂದ ಮಗುವಿಗೆ ಇಡುವ ಯೊರುಬಾ ಹೆಸರು ಅದು. ಅಕ್ಕಿಯದ್ದೇ ಕಥೆ: 2014ರಲ್ಲಿ ನೈಜೀರಿಯಾ ಹೊಸ ಕಾರಿನ ಮೇಲೆ ಸುಂಕ, ಲೆವಿ ಸೇರಿಸಿ 70ಕ್ಕೆ ಏರಿಸಿತು, ಹಳೆಯದಕ್ಕೂ ಜಾಸ್ತಿ ಮಾಡಿತು. 2017ರ ಜನವರಿಯಿಂದ ರಸ್ತೆ ಮೂಲಕ ತರುವುದನ್ನೇ ನಿಲ್ಲಿಸಿತು. ಬಯಲುಗಳು ಒಂದೊಂದಾಗಿ ಖಾಲಿಯಾದವು.

ಪ್ರಶ್ನೆ: ಎಂಟು ದೇಶಕ್ಕೆ ಒಂದೇ ನೋಟು ಅಂದರೆ ಯಾವ ದೇಶದ್ದು ಅಂತ ಹೇಗೆ ಗೊತ್ತಾಗುತ್ತೆ? (ನೋಟು ಸಂಗ್ರಹ ಮಾಡುವ ಹುಡುಗ)

ಉತ್ತರ: ನೋಟಿನ ನಂಬರಿನ ಜೊತೆ ಒಂದು ಅಕ್ಷರ ಇರುತ್ತೆ ಪುಟ್ಟ. ಬೆನಿನ್‌ಗೆ 'ಬಿ', ಟೋಗೊಗೆ 'ಟಿ', ಸೆನೆಗಲ್‌ಗೆ 'ಕೆ'. ಯಾವುದಾದರೂ ಎಂಟೂ ಕಡೆ ನಡೆಯುತ್ತೆ. ಒಂದು ಯೂರೋಗೆ 655.957 ಸೀಫಾ ಅಂತ ಗಂಟು ಹಾಕಿಟ್ಟಿದ್ದಾರೆ, ಅಲ್ಲಾಡೋದಿಲ್ಲ. ದೊಡ್ಡವರಿಗೆ ಒಂದು ಮಾತು ಸೇರಿಸುತ್ತೇನೆ. ನೈಜೀರಿಯಾದ ನೈರಾ ಹಾಗಲ್ಲ. 2023ರ ಜೂನ್‌ನಲ್ಲಿ ಅದರ ಕಟ್ಟು ಬಿಚ್ಚಿದಾಗ ಡಾಲರಿಗೆ 460ರ ಆಸುಪಾಸು ಇದ್ದದ್ದು ವರ್ಷದೊಳಗೆ 1,400 ದಾಟಿತು. ಸೀಫಾದಲ್ಲಿ ಬೆಲೆ ಕಟ್ಟಿದ ಅಕ್ಕಿಯನ್ನು ನೈರಾ ಹಿಡಿದು ಬಂದವನು ಹೇಗೆ ಕೊಳ್ಳುತ್ತಾನೆ? ನೈಜೀರಿಯಾದ ಗಿರಾಕಿ ಬಾರದಿರಲು ಗಡಿಯನ್ನೇ ಮುಚ್ಚಬೇಕಾಗಿಲ್ಲ.

ಪ್ರಶ್ನೆ: ನೈಜರ್, ಮಾಲಿ, ಬುರ್ಕಿನಾ ಫಾಸೊ ಒಕ್ಕೂಟ ಬಿಟ್ಟು ಹೋದವಲ್ಲ, ಬೆನಿನ್‌ಗೆ ಪೆಟ್ಟು ಬಿತ್ತಾ?

ಉತ್ತರ: ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. ನೈಜರ್‌ಗೆ ಸಮುದ್ರವೇ ಇಲ್ಲ. ಅದರ ಸರಕು ಕೊತೊನುವಿನಲ್ಲಿ ಇಳಿದು, ಲಾರಿಯಲ್ಲಿ ಉತ್ತರದ ತುದಿಯ ಮಲಾನ್‌ವಿಲ್‌ವರೆಗೆ ಹೋಗಿ, ಸೇತುವೆ ದಾಟುತ್ತಿತ್ತು. 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಎಕೋವಾಸ್ ದಿಗ್ಬಂಧನ ಹಾಕಿತು, ಸೇತುವೆ ಮುಚ್ಚಿತು. 2024ರ ಫೆಬ್ರವರಿಯಲ್ಲಿ ದಿಗ್ಬಂಧನ ತೆಗೆದರೂ ನೈಜರ್ ತನ್ನ ಕಡೆಯ ಬಾಗಿಲು ತೆರೆಯಲಿಲ್ಲ. ಲಾರಿಗಳು ಟೋಗೊದ ಲೊಮೆ ಬಂದರಿಗೆ ತಿರುಗಿ, ಬುರ್ಕಿನಾ ಸುತ್ತಿ ಹೋಗತೊಡಗಿದವು. ಸೇತುವೆಯ ಕೆಳಗೆ ಮಾತ್ರ ಮರದ ದೋಣಿಗಳಲ್ಲಿ ಮೂಟೆಗಳು ದಾಟುತ್ತಲೇ ಇದ್ದವು.

ಮೂರೂ ದೇಶಗಳು ಎಕೋವಾಸ್ ಬಿಟ್ಟದ್ದು 2025ರ ಜನವರಿ 29ರಂದು. ಸೀಫಾ ಮನೆಯಾದ ಯುಎಮೊಆ ಬಿಡಲಿಲ್ಲ. ಹಾಗಾಗಿ ಬೆನಿನ್ ಜೊತೆ ಸುಂಕದ ನಂಟು ಪೂರ್ತಿ ಹರಿಯಲಿಲ್ಲ. ಆದರೆ ಅದೇ ವರ್ಷ ಮಾರ್ಚಿನಲ್ಲಿ ಮೂರೂ ಸೇರಿ, ತಮ್ಮ ಗುಂಪಿನ ಹೊರಗಿಂದ ಬರುವ ಸರಕಿಗೆ ಶೇಕಡಾ 0.5ರ ಹೊಸ ಲೆವಿ ಹಾಕಿದವು. ಬಿಲ್ಲಿಗೆ ಇನ್ನೊಂದು ಸಣ್ಣ ಸಾಲು.

ಪ್ರಶ್ನೆ: ಎಲ್ಲ ಸರಕೂ ಬೆನಿನ್‌ನಿಂದ ನೈಜೀರಿಯಾಕ್ಕೇ ಹೋಗುತ್ತಾ? ಈ ಕಡೆ ಏನೂ ಬರೋದಿಲ್ವಾ?

ಉತ್ತರ: ಪೆಟ್ರೋಲ್ ಬರುತ್ತಿತ್ತು. ನೈಜೀರಿಯಾ ಸರ್ಕಾರ ಸಬ್ಸಿಡಿ ಕೊಟ್ಟು ಅಗ್ಗ ಮಾಡಿದ್ದ ಪೆಟ್ರೋಲ್ ಕದ್ದು ಇತ್ತ ಬರುತ್ತಿತ್ತು. ಹೆಸರು 'ಕ್ಪಾಯೊ', ಅಸಲಿ ಅಲ್ಲ ಅಂತ ಅರ್ಥ. ರಸ್ತೆ ಬದಿ ಮರದ ಮೇಜು, ಅದರ ಮೇಲೆ ದೊಡ್ಡ ಹೊಟ್ಟೆಯ ಗಾಜಿನ ಬುರುಡೆಗಳು, ಪಕ್ಕದಲ್ಲಿ ಒಂದು ಲೀಟರ್ ಸೀಸೆ. ಬಿಸಿಲಿಗೆ ಜೇನುತುಪ್ಪದ ಹಾಗೆ ಹೊಳೆಯುತ್ತಿತ್ತು. ಹಳದಿ ಅಂಗಿಯ ಝೆಮಿಜಾನ್‌ನವರು, ಅಂದರೆ ಬಾಡಿಗೆ ಬೈಕಿನವರು, ನಿಲ್ಲಿಸಿದರೆ ಮಾರುವಾಕೆ ಆಲಿಕೆಗೆ ಒಂದು ತುಂಡು ಬಟ್ಟೆ ಹಾಸಿ ಸೋಸಿ ಸುರಿಯುತ್ತಿದ್ದಳು. ಬೆಂಕಿ ಅನಾಹುತವೂ ಆಗುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಸೆಮೆ-ಪೊಜಿಯ ಇಂಥದೊಂದು ದಾಸ್ತಾನಿಗೆ ಬೆಂಕಿ ಬಿದ್ದು 30ಕ್ಕೂ ಹೆಚ್ಚು ಜನ ಸತ್ತರು.

ಅದೇ ವರ್ಷ ಮೇ 29ರಂದು ನೈಜೀರಿಯಾದ ಹೊಸ ಅಧ್ಯಕ್ಷ ಬೋಲಾ ಟಿನುಬು ಪ್ರಮಾಣವಚನದ ಭಾಷಣದಲ್ಲೇ ಸಬ್ಸಿಡಿ ಮುಗಿಯಿತು ಅಂದುಬಿಟ್ಟಿದ್ದರು. ಕೆಲವೇ ದಿನಗಳಲ್ಲಿ ಕೊತೊನುವಿನ ಬೀದಿ ಬದಿಯ ಸೀಸೆಯ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನನ್ನ ಹಳೆಯ ಸಹೋದ್ಯೋಗಿ ಆಗ ಫೋನ್ ಮಾಡಿದ್ದಳು. ನಮ್ಮ ಆಫೀಸಿನ ಮೂಲೆಯಲ್ಲಿ ಪೆಟ್ರೋಲ್ ಮಾರುತ್ತಿದ್ದಾಕೆ ಅದೇ ಮೇಜಿನ ಮೇಲೆ ಈಗ ಅನಾನಸ್ ಇಟ್ಟುಕೊಂಡಿದ್ದಾಳಂತೆ. ಗಾಜಿನ ಬುರುಡೆಗಳನ್ನು ಮೇಜಿನ ಕೆಳಗೆ ಕವುಚಿ ಇಟ್ಟಿದ್ದಾಳೆ, ಮಾರಿಲ್ಲ.